ಟ್ರೇಲರ್ ಎಳೆಯುವ ವಾಹನಗಳಲ್ಲಿ ಪೆಟ್ರೋಲ್ ಮತ್ತು ಡೀಸೆಲ್ ಎಂಜಿನ್

ತನ್ನದೇ ಎಂಜಿನ್ ಇಲ್ಲದ ಟ್ರೇಲರನ್ನು ಕೊಂಡಿಯ ಮೂಲಕ ಎಳೆದೊಯ್ಯುವ ವಾಹನಗಳಲ್ಲಿ ಪೆಟ್ರೋಲ್ ಮತ್ತು ಡೀಸೆಲ್ ಎಂಬ ಎರಡು ಬಗೆಯ ಎಂಜಿನ್‌ಗಳು ಬಳಕೆಯಲ್ಲಿವೆ. ಅಮೆರಿಕದಂತಹ ದೇಶಗಳಲ್ಲಿ ಪಿಕಪ್ ವಾಹನದ ಹಿಂದೆ ಕಾರವಾನ್ ಕಟ್ಟಿಕೊಂಡು ಪ್ರವಾಸ ಹೋಗುವವರು ಈ ಎರಡರಲ್ಲಿ ಒಂದನ್ನು ಆರಿಸಿಕೊಳ್ಳುತ್ತಾರೆ. ಭಾರತದಲ್ಲಿ ಟ್ರೇಲರ್ ಎಳೆಯುವ ಕೆಲಸ ಹೆಚ್ಚಾಗಿ ಟ್ರ್ಯಾಕ್ಟರುಗಳದ್ದು. ಅವು ಬಹುತೇಕ ಡೀಸೆಲ್‌ನಿಂದ ನಡೆಯುತ್ತವೆ. ಕರ್ನಾಟಕದ ಬೀದರ್ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದ್ ತಾಲ್ಲೂಕುಗಳಲ್ಲಿ ಕಬ್ಬು ಸಾಗಿಸುವ ಟ್ರ್ಯಾಕ್ಟರುಗಳು ಇದಕ್ಕೆ ಉತ್ತಮ ನಿದರ್ಶನ. ಎಷ್ಟು ಭಾರವನ್ನು, ಎಷ್ಟು ವೇಗದಲ್ಲಿ, ಎಂತಹ ಏರಿನಲ್ಲಿ ಎಳೆಯಬೇಕು ಎಂಬುದು ಎಂಜಿನ್ನಿನ ಆಯ್ಕೆಯನ್ನು ನಿರ್ಧರಿಸುತ್ತದೆ. ಎಳೆದ ಭಾರವನ್ನು ಸುರಕ್ಷಿತವಾಗಿ ನಿಲ್ಲಿಸುವುದು ಮಾತ್ರ ಇಂಧನದ ಬಗೆಯನ್ನು ಅವಲಂಬಿಸಿಲ್ಲ.

ಪರಿಭಾಷೆ

ಭಾರತದ ಮೋಟಾರು ವಾಹನಗಳ ಕಾಯ್ದೆ, 1988ರ ಪ್ರಕಾರ, ಅರೆ-ಟ್ರೇಲರ್ ಮತ್ತು ಸೈಡ್‌ಕಾರ್‌ಗಳನ್ನು ಬಿಟ್ಟು, ಮೋಟಾರು ವಾಹನವೊಂದು ಎಳೆಯುವ ಅಥವಾ ಎಳೆಯಲೆಂದು ಉದ್ದೇಶಿಸಿದ ಯಾವುದೇ ವಾಹನ ಟ್ರೇಲರ್ ಎನಿಸುತ್ತದೆ. ಹಳ್ಳಿಗಳಲ್ಲಿ ಟ್ರ್ಯಾಕ್ಟರಿನ ಹಿಂದಿನ ಟ್ರೇಲರನ್ನು ಸಾಮಾನ್ಯವಾಗಿ ಟ್ರಾಲಿ ಎನ್ನುತ್ತಾರೆ. ಮಲಗುವ, ಅಡುಗೆ ಮಾಡುವ ಅನುಕೂಲಗಳಿರುವ ಟ್ರೇಲರ್ ಕಾರವಾನ್ ಅಥವಾ ಕ್ಯಾಂಪರ್ ಆಗುತ್ತದೆ. ಇಂತಹ ಅನುಕೂಲಗಳು ಎಂಜಿನ್ ಇರುವ ವಾಹನದ ಒಳಗೇ ಇದ್ದರೆ ಅದನ್ನು ಮೋಟಾರ್ ಕಾರವಾನ್ ಎಂದು ಕರೆಯುತ್ತಾರೆ. ಭಾರತದ ಮಾರುಕಟ್ಟೆಯಲ್ಲಿ ಕ್ಯಾಂಪರ್ ಎಂಬ ಹೆಸರು ಬೇರೊಂದು ಅರ್ಥದಲ್ಲಿಯೂ ಬಳಕೆಯಲ್ಲಿದೆ. ಮಹೀಂದ್ರ ಕಂಪನಿಯ ಬೊಲೆರೊ ಕ್ಯಾಂಪರ್ ಎರಡು ಸಾಲು ಆಸನಗಳಿರುವ ಸರಕು ಪಿಕಪ್. ಅದು ವಾಸದ ವಾಹನವಲ್ಲ.

ಇತಿಹಾಸ

ಜರ್ಮನಿಯ ರುಡಾಲ್ಫ್ ಡೀಸೆಲ್ ತನ್ನ ಹೆಸರಿನ ಎಂಜಿನ್ನನ್ನು 1897ರಲ್ಲಿ ಯಶಸ್ವಿಯಾಗಿ ನಡೆಸಿ ತೋರಿಸಿದನು. ಆರಂಭದ ಡೀಸೆಲ್ ಎಂಜಿನ್‌ಗಳು ಬಹಳ ಭಾರವಾಗಿದ್ದುದರಿಂದ ಕಾರ್ಖಾನೆ ಮತ್ತು ಹಡಗುಗಳಿಗೆ ಸೀಮಿತವಾಗಿದ್ದವು. ಹೀಗಾಗಿ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಎಳೆಯುವ ವಾಹನಗಳು ಬಹುಮಟ್ಟಿಗೆ ಪೆಟ್ರೋಲ್ ಅಥವಾ ಸೀಮೆಎಣ್ಣೆಯನ್ನು ಬಳಸುತ್ತಿದ್ದವು. 1917ರಲ್ಲಿ ಬಂದ ಫೋರ್ಡ್‌ಸನ್ ಟ್ರ್ಯಾಕ್ಟರ್ ಸೀಮೆಎಣ್ಣೆಯಿಂದ ಓಡುತ್ತಿತ್ತು. ಎರಡನೆಯ ಮಹಾಯುದ್ಧದ ವಿಲ್ಲೀಸ್ ಜೀಪಿನಲ್ಲಿ 2.2 ಲೀಟರಿನ, 60 ಅಶ್ವಶಕ್ತಿಯ ಪೆಟ್ರೋಲ್ ಎಂಜಿನ್ ಇತ್ತು. ಕಾಲು ಟನ್ ಹೊರೆಯ ಪುಟ್ಟ ಟ್ರೇಲರನ್ನು ಅದು ಎಳೆಯುತ್ತಿತ್ತು.

1930ರ ದಶಕದಿಂದ ಡೀಸೆಲ್ ಎಂಜಿನ್‌ಗಳು ಟ್ರ್ಯಾಕ್ಟರುಗಳಲ್ಲಿಯೂ ಲಾರಿಗಳಲ್ಲಿಯೂ ವ್ಯಾಪಕವಾದವು. ಕ್ಯಾಟರ್‌ಪಿಲ್ಲರ್ ಕಂಪನಿ ತನ್ನ ಮೊದಲ ಡೀಸೆಲ್ ಟ್ರ್ಯಾಕ್ಟರನ್ನು 1931ರಲ್ಲಿ ಹೊರತಂದಿತು. ಭಾರತದಲ್ಲಿ ಮಹೀಂದ್ರ ಕಂಪನಿ 1947ರಲ್ಲಿ ಪೆಟ್ರೋಲ್ ಜೀಪುಗಳ ಜೋಡಣೆಯಿಂದ ವಾಹನೋದ್ಯಮಕ್ಕೆ ಕಾಲಿಟ್ಟಿತು. 1954ರಲ್ಲಿ ಟಾಟಾ ಸಂಸ್ಥೆ ಮರ್ಸಿಡಿಸ್-ಬೆನ್ಜ್ ಸಹಯೋಗದಲ್ಲಿ ಡೀಸೆಲ್ ಲಾರಿಗಳ ತಯಾರಿಕೆ ಆರಂಭಿಸಿತು. ಮುಂದಿನ ದಶಕಗಳಲ್ಲಿ ದೇಶದ ಸರಕು ಸಾಗಣೆ ಹೆಚ್ಚುಕಡಿಮೆ ಪೂರ್ಣವಾಗಿ ಡೀಸೆಲ್‌ಗೆ ಹೊರಳಿತು.

ಬಸವಕಲ್ಯಾಣ–ಹುಮನಾಬಾದ್ ಪ್ರದೇಶ

ಪುಣೆಯಿಂದ ಸೊಲ್ಲಾಪುರ, ಹೈದರಾಬಾದ್ ಮಾರ್ಗವಾಗಿ ಮಚಲೀಪಟ್ಟಣಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 65 ಈ ಎರಡೂ ತಾಲ್ಲೂಕುಗಳ ಮೂಲಕ ಸಾಗುತ್ತದೆ. ಬಸವಕಲ್ಯಾಣ ಪಟ್ಟಣಕ್ಕೆ ಈ ಹೆದ್ದಾರಿಯಿಂದ ಸಸ್ತಾಪುರ ಬಂಗ್ಲಾದ ಬಳಿ ತಿರುಗಬೇಕು. ಬೀದರ್‌ನಿಂದ ಕಲಬುರಗಿ, ವಿಜಯಪುರಗಳ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 50 ಹುಮನಾಬಾದ್‌ನಲ್ಲಿ ಇದನ್ನು ಸಂಧಿಸುತ್ತದೆ. ಹೀಗೆ ಪೂರ್ವ-ಪಶ್ಚಿಮ ಮತ್ತು ಉತ್ತರ-ದಕ್ಷಿಣದ ಲಾರಿ ಸಂಚಾರ ಇಲ್ಲಿ ಕೂಡುತ್ತದೆ. ಕಲ್ಯಾಣದ ಚಾಲುಕ್ಯರ ರಾಜಧಾನಿಯಾಗಿ, ಬಸವಾದಿ ಶರಣರ ನೆಲೆಯಾಗಿ ಪ್ರಸಿದ್ಧವಾದ ಬಸವಕಲ್ಯಾಣಕ್ಕೆ ಇಂದು ಲಾರಿ ದುರಸ್ತಿ, ಬಾಡಿ ಕಟ್ಟುವಿಕೆ ಮತ್ತು ಹಳೆಯ ವಾಹನಗಳ ವ್ಯಾಪಾರದ ಆಟೋನಗರದಿಂದಲೂ ಹೆಸರಿದೆ. ಹೆದ್ದಾರಿಯಲ್ಲಿ ಪೂರ್ವಕ್ಕೆ ಸಾಗಿದರೆ ಸಿಗುವ ತೆಲಂಗಾಣದ ಜಹೀರಾಬಾದ್‌ನಲ್ಲಿ ಮಹೀಂದ್ರ ಕಂಪನಿಯ ವಾಹನ ಮತ್ತು ಟ್ರ್ಯಾಕ್ಟರ್ ಕಾರ್ಖಾನೆಗಳಿವೆ.

ಈ ಪ್ರದೇಶದಲ್ಲಿ ಟ್ರೇಲರ್ ಎಳೆಯುವ ಕೆಲಸ ತುರುಸಾಗುವುದು ಕಬ್ಬು ನುರಿಸುವ ಹಂಗಾಮಿನಲ್ಲಿ. ಮಳೆಗಾಲ ಮುಗಿದ ಮೇಲೆ ಆರಂಭವಾಗುವ ಈ ಹಂಗಾಮು ಬೇಸಿಗೆಯ ಹೊಸ್ತಿಲವರೆಗೆ ನಡೆಯುತ್ತದೆ. ಹುಮನಾಬಾದ್ ತಾಲ್ಲೂಕಿನ ಹಳ್ಳಿಖೇಡ (ಬಿ) ಬಳಿ ಬೀದರ್ ಸಹಕಾರಿ ಸಕ್ಕರೆ ಕಾರ್ಖಾನೆ ಸ್ಥಾಪನೆಯಾಯಿತು. ಜಿಲ್ಲೆಯ ಇತರೆಡೆಗಳಲ್ಲಿಯೂ ಸಕ್ಕರೆ ಕಾರ್ಖಾನೆಗಳಿವೆ. ಕಡಿದ ಕಬ್ಬು ಒಣಗಿದಷ್ಟೂ ತೂಕವೂ ಸಕ್ಕರೆಯ ಅಂಶವೂ ಕಡಿಮೆಯಾಗುವುದರಿಂದ ಅದನ್ನು ಬೇಗ ಸಾಗಿಸಬೇಕಾಗುತ್ತದೆ. ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರುಗಳನ್ನು ಒಂದರ ಹಿಂದೊಂದು ಜೋಡಿಸಿ, ಹಗಲಿರುಳು ಕಬ್ಬು ಒಯ್ಯುವುದು ಇಲ್ಲಿಯ ಸಾಮಾನ್ಯ ದೃಶ್ಯ. ಕಪ್ಪು ಎರೆಮಣ್ಣಿನ ಹೊಲದಿಂದ ಹೊರೆಸಮೇತ ಹೊರಬರುವ ಹೊತ್ತಿನಲ್ಲಿ ಚಕ್ರಗಳು ಹೂತುಕೊಳ್ಳುವುದರಿಂದ, ಎಂಜಿನ್ ನಿಧಾನವಾಗಿ ತಿರುಗುವಾಗಲೇ ಹೆಚ್ಚು ಎಳೆತ ಬೇಕಾಗುತ್ತದೆ.

ಎರಡು ಎಂಜಿನ್‌ಗಳ ಕಾರ್ಯವಿಧಾನ

ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ ಮತ್ತು ಇಂಧನದ ಮಿಶ್ರಣವನ್ನು ಅದುಮಿ, ಸ್ಪಾರ್ಕ್ ಪ್ಲಗ್ಗಿನ ಕಿಡಿಯಿಂದ ಹೊತ್ತಿಸಲಾಗುತ್ತದೆ. ಮಿಶ್ರಣವನ್ನು ಅತಿಯಾಗಿ ಅದುಮಿದರೆ ಅದು ಅಕಾಲದಲ್ಲಿ ಹೊತ್ತಿಕೊಂಡು ಎಂಜಿನ್ ಬಡಿದುಕೊಳ್ಳುತ್ತದೆ. ಆದ್ದರಿಂದ ಇದರ ಸಂಪೀಡನ ಅನುಪಾತ ಸಾಮಾನ್ಯವಾಗಿ 9ರಿಂದ 13ರ ನಡುವೆ ಇರುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಗಾಳಿಯನ್ನಷ್ಟೇ 15ರಿಂದ 22 ಪಟ್ಟು ಅದುಮಲಾಗುತ್ತದೆ. ಆಗ ಗಾಳಿ ಎಷ್ಟು ಬಿಸಿಯಾಗುತ್ತದೆ ಎಂದರೆ, ಚಿಮ್ಮಿಸಿದ ಡೀಸೆಲ್ ಕಿಡಿಯಿಲ್ಲದೆಯೇ ಹೊತ್ತಿಕೊಳ್ಳುತ್ತದೆ. ಹೆಚ್ಚಿನ ಸಂಪೀಡನದಿಂದಾಗಿ ಡೀಸೆಲ್ ಎಂಜಿನ್ ಇಂಧನದ ಶಕ್ತಿಯಲ್ಲಿ ಹೆಚ್ಚಿನ ಪಾಲನ್ನು ಕೆಲಸವಾಗಿ ಪರಿವರ್ತಿಸುತ್ತದೆ. ಜೊತೆಗೆ, ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 36 ಮೆಗಾಜೂಲ್ ಶಕ್ತಿಯಿದ್ದರೆ, ಒಂದು ಲೀಟರ್ ಶುದ್ಧ ಪೆಟ್ರೋಲ್‌ನಲ್ಲಿ ಸುಮಾರು 32 ಮೆಗಾಜೂಲ್ ಇರುತ್ತದೆ.

ಎತ್ತರದ ಪರಿಣಾಮವೂ ಗಮನಾರ್ಹ. ಟರ್ಬೊಚಾರ್ಜರ್ ಇಲ್ಲದ ಎಂಜಿನ್ ಪ್ರತಿ 300 ಮೀಟರ್ ಎತ್ತರಕ್ಕೆ ಸುಮಾರು ಶೇಕಡಾ 3ರಷ್ಟು ಸಾಮರ್ಥ್ಯವನ್ನು ಕಳೆದುಕೊಳ್ಳುತ್ತದೆ. ಸಮುದ್ರಮಟ್ಟದಿಂದ 600 ಮೀಟರಿಗಿಂತ ಎತ್ತರದಲ್ಲಿರುವ ಬಸವಕಲ್ಯಾಣ–ಹುಮನಾಬಾದ್ ಪ್ರದೇಶದಲ್ಲಿ ಈ ನಷ್ಟ ಶೇಕಡಾ 6ರ ಆಸುಪಾಸಿನಲ್ಲಿರುತ್ತದೆ. ಟರ್ಬೊಚಾರ್ಜರ್ ಇರುವ ಎಂಜಿನ್‌ಗಳು, ಅವು ಪೆಟ್ರೋಲಿನವೇ ಆಗಲಿ ಡೀಸೆಲಿನವೇ ಆಗಲಿ, ಇದನ್ನು ಬಹುಮಟ್ಟಿಗೆ ಸರಿದೂಗಿಸುತ್ತವೆ.

ಟಾರ್ಕ್ ಮತ್ತು ಸಾಮರ್ಥ್ಯ

ಎಂಜಿನ್ ತನ್ನ ದಂಡವನ್ನು ತಿರುಚುವ ಬಲಕ್ಕೆ ಟಾರ್ಕ್ ಎಂದು ಹೆಸರು. ಅದನ್ನು ನ್ಯೂಟನ್-ಮೀಟರ್‌ಗಳಲ್ಲಿ ಅಳೆಯುತ್ತಾರೆ. ಒಂದು ಸೆಕೆಂಡಿಗೆ ಎಷ್ಟು ಕೆಲಸ ನಡೆಯುತ್ತದೆ ಎಂಬುದು ಸಾಮರ್ಥ್ಯ; ಅದನ್ನು ಕಿಲೋವ್ಯಾಟ್ ಅಥವಾ ಅಶ್ವಶಕ್ತಿಗಳಲ್ಲಿ ಹೇಳುತ್ತಾರೆ. ಟಾರ್ಕನ್ನು ತಿರುಗುವ ವೇಗದಿಂದ ಗುಣಿಸಿದರೆ ಸಾಮರ್ಥ್ಯ ದೊರೆಯುತ್ತದೆ. ನಿಮಿಷಕ್ಕೆ 1,500 ಸುತ್ತು ತಿರುಗುತ್ತ 320 ನ್ಯೂಟನ್-ಮೀಟರ್ ಟಾರ್ಕ್ ಕೊಡುವ ಎಂಜಿನ್ ಸುಮಾರು 50 ಕಿಲೋವ್ಯಾಟ್ ಒದಗಿಸುತ್ತದೆ. ಅದೇ ವೇಗದಲ್ಲಿ 200 ನ್ಯೂಟನ್-ಮೀಟರ್ ಕೊಡುವ ಎಂಜಿನ್ ಸುಮಾರು 31 ಕಿಲೋವ್ಯಾಟ್ ಮಾತ್ರ ಒದಗಿಸುತ್ತದೆ. ಎರಡನೆಯದರಿಂದ 50 ಕಿಲೋವ್ಯಾಟ್ ಪಡೆಯಬೇಕಾದರೆ ಕೆಳಗಿನ ಗೇರಿಗೆ ಇಳಿಸಿ, ಸುಮಾರು 2,400 ಸುತ್ತುಗಳಿಗೆ ಏರಿಸಬೇಕು. ಪೆಟ್ರೋಲ್ ವಾಹನದಲ್ಲಿ ಏರು ಹತ್ತುವಾಗ ಎಂಜಿನ್ನಿನ ಸದ್ದು ಜೋರಾಗುವುದು ಇದೇ ಕಾರಣಕ್ಕೆ. ಆ ಸದ್ದು ಎಂಜಿನ್ ಸೋತಿರುವುದರ ಲಕ್ಷಣವಲ್ಲ.

ಅಮೆರಿಕದ ಫೋರ್ಡ್ ಸೂಪರ್ ಡ್ಯೂಟಿ ಪಿಕಪ್‌ನ 2020ರ ಮಾದರಿ ಈ ವ್ಯತ್ಯಾಸವನ್ನು ಸ್ಪಷ್ಟವಾಗಿ ತೋರಿಸುತ್ತದೆ. ಅದರ 7.3 ಲೀಟರಿನ ಪೆಟ್ರೋಲ್ ಎಂಜಿನ್ 4,000 ಸುತ್ತುಗಳಲ್ಲಿ ಸುಮಾರು 644 ನ್ಯೂಟನ್-ಮೀಟರ್ ಟಾರ್ಕ್ ನೀಡಿದರೆ, 6.7 ಲೀಟರಿನ ಡೀಸೆಲ್ ಎಂಜಿನ್ 1,600 ಸುತ್ತುಗಳಲ್ಲಿಯೇ ಸುಮಾರು 1,424 ನ್ಯೂಟನ್-ಮೀಟರ್ ನೀಡುತ್ತಿತ್ತು.

ಟರ್ಬೊಚಾರ್ಜರ್ ಈ ಅಂತರವನ್ನು ಸಣ್ಣ ಎಂಜಿನ್‌ಗಳಲ್ಲಿ ಬಹಳ ತಗ್ಗಿಸಿದೆ. 2020ರಲ್ಲಿ ಭಾರತದಲ್ಲಿ ಬಿಡುಗಡೆಯಾದ ಮಹೀಂದ್ರ ಥಾರ್‌ನ ಮ್ಯಾನುಯಲ್ ಗೇರಿನ ಮಾದರಿಗಳಲ್ಲಿ 2.0 ಲೀಟರಿನ ಪೆಟ್ರೋಲ್ ಎಂಜಿನ್ನಿಗೂ 2.2 ಲೀಟರಿನ ಡೀಸೆಲ್ ಎಂಜಿನ್ನಿಗೂ ಗರಿಷ್ಠ ಟಾರ್ಕ್ ಒಂದೇ, ಅಂದರೆ 300 ನ್ಯೂಟನ್-ಮೀಟರ್. ಪೆಟ್ರೋಲಿನದು 150, ಡೀಸೆಲಿನದು 130 ಅಶ್ವಶಕ್ತಿಯದು. ಆದ್ದರಿಂದ ಪೆಟ್ರೋಲ್ ಎಂಜಿನ್ ಎಳೆಯಲಾರದು ಎಂಬ ಹಳೆಯ ನಂಬಿಕೆ ಈಗ ಎಲ್ಲ ವಾಹನಗಳಿಗೂ ಅನ್ವಯಿಸುವುದಿಲ್ಲ.

ಹೊರೆಯ ಲೆಕ್ಕ

ಎಳೆಯುವ ವಾಹನ ಮೂರು ಪ್ರತಿರೋಧಗಳನ್ನು ಮೀರಬೇಕು: ಚಕ್ರಗಳ ಉರುಳುವಿಕೆಗೆ ನೆಲ ಒಡ್ಡುವ ತಡೆ, ಏರಿನಲ್ಲಿ ಭಾರ ಹಿಂದಕ್ಕೆ ಜಗ್ಗುವ ಬಲ ಮತ್ತು ಗಾಳಿಯ ತಡೆ. ಕೆಳಗಿನ ಎರಡು ಉದಾಹರಣೆಗಳು ಇವುಗಳ ಪ್ರಮಾಣವನ್ನು ತೋರಿಸುತ್ತವೆ.

ಕಬ್ಬಿನ ಟ್ರ್ಯಾಕ್ಟರ್: ಟ್ರ್ಯಾಕ್ಟರ್, ಎರಡು ಟ್ರೇಲರ್ ಮತ್ತು ಕಬ್ಬು ಸೇರಿ ಒಟ್ಟು 14 ಟನ್ ತೂಕವಿದ್ದು, ಶೇಕಡಾ 3ರ ಏರಿನಲ್ಲಿ ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಸಾಗುತ್ತಿದೆ ಎಂದು ಭಾವಿಸೋಣ. ಚಕ್ರಗಳ ತಡೆಗೆ ಸುಮಾರು 11 ಕಿಲೋವ್ಯಾಟ್, ಏರಿಗೆ ಸುಮಾರು 17 ಕಿಲೋವ್ಯಾಟ್ ಬೇಕು. ಈ ವೇಗದಲ್ಲಿ ಗಾಳಿಯ ತಡೆ ನಗಣ್ಯ. ಒಟ್ಟು 28 ಕಿಲೋವ್ಯಾಟ್, ಅಂದರೆ ಸುಮಾರು 38 ಅಶ್ವಶಕ್ತಿ ಸಾಕು. 45ರಿಂದ 50 ಅಶ್ವಶಕ್ತಿಯ ಟ್ರ್ಯಾಕ್ಟರ್ ಇಷ್ಟು ದೊಡ್ಡ ಹೊರೆಯನ್ನು ಎಳೆಯಬಲ್ಲುದರ ಗುಟ್ಟು ಅದರ ನಿಧಾನಗತಿ ಮತ್ತು ತಗ್ಗಿನ ಗೇರುಗಳಲ್ಲಿದೆ. ಇದೇ ಹೊರೆಯನ್ನು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಎಳೆಯಲು, ಗಾಳಿಯ ತಡೆಯನ್ನು ಬಿಟ್ಟರೂ, ನಾಲ್ಕು ಪಟ್ಟು ಸಾಮರ್ಥ್ಯ ಬೇಕಾಗುತ್ತದೆ.

ಕಾರವಾನ್: ವಾಹನ ಮತ್ತು ಕಾರವಾನ್ ಸೇರಿ 3 ಟನ್ ತೂಕವಿದ್ದು, ಶೇಕಡಾ 5ರ ಏರಿನಲ್ಲಿ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಸಾಗುವಾಗ ಏರಿಗೆ ಸುಮಾರು 25, ಚಕ್ರಗಳ ತಡೆಗೆ ಸುಮಾರು 6, ಗಾಳಿಗೆ ಸುಮಾರು 8 ಕಿಲೋವ್ಯಾಟ್ ಬೇಕು. ಒಟ್ಟು 39 ಕಿಲೋವ್ಯಾಟ್ ಆಗುತ್ತದೆ. ವೇಗವನ್ನು 90 ಕಿಲೋಮೀಟರಿಗೆ ಏರಿಸಿದರೆ ಗಾಳಿಯ ತಡೆಗೆ ಬೇಕಾಗುವ ಸಾಮರ್ಥ್ಯವೊಂದೇ 27 ಕಿಲೋವ್ಯಾಟ್ ದಾಟುತ್ತದೆ. ಏಕೆಂದರೆ ಅದು ವೇಗದ ಘನಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಚಪ್ಪಟೆ ಮುಖದ ಎತ್ತರದ ಕಾರವಾನ್ ಹೆದ್ದಾರಿಯಲ್ಲಿ ಇಂಧನವನ್ನು ಹೆಚ್ಚು ಕುಡಿಯುವುದಕ್ಕೆ ಅದರ ತೂಕಕ್ಕಿಂತ ಆಕಾರವೇ ಮುಖ್ಯ ಕಾರಣ.

ಪೆಟ್ರೋಲ್ ವಾಹನದಿಂದ ಕಾರವಾನ್ ಎಳೆಯುವುದು

ಮೇಲಿನ ಎರಡನೆಯ ಲೆಕ್ಕದಂತೆ, ನೂರು ಅಶ್ವಶಕ್ತಿಗಿಂತ ಹೆಚ್ಚಿನ ಟರ್ಬೊ ಪೆಟ್ರೋಲ್ ಎಂಜಿನ್ನಿಗೆ ಒಂದು ಟನ್ನಿನ ಆಸುಪಾಸಿನ ಕಾರವಾನ್ ಸಾಮರ್ಥ್ಯದ ದೃಷ್ಟಿಯಿಂದ ಹೊರೆಯಲ್ಲ. ಆದರೆ ತಯಾರಕರು ನಿಗದಿಪಡಿಸಿದ ಎಳೆಯುವ ಮಿತಿಯೇ ಅಂತಿಮ. ಕ್ಲಚ್, ಗೇರುಪೆಟ್ಟಿಗೆ, ಚಾಸಿ, ಬ್ರೇಕು ಮತ್ತು ಎಂಜಿನ್ ತಂಪಾಗಿಸುವ ವ್ಯವಸ್ಥೆಗಳೆಲ್ಲ ಆ ಮಿತಿಯಲ್ಲಿ ಲೆಕ್ಕಕ್ಕೆ ಬರುತ್ತವೆ. ಅಮೆರಿಕದಲ್ಲಿ ಜೆ2807 ಎಂಬ ಮಾನದಂಡದಂತೆ ಇಂತಹ ಮಿತಿಗಳನ್ನು ಪರೀಕ್ಷಿಸುತ್ತಾರೆ. ಭಾರತದಲ್ಲಿ ಎಲ್ಲ ತಯಾರಕರೂ ಈ ಮಿತಿಯನ್ನು ಪ್ರಕಟಿಸುವುದಿಲ್ಲ. ಇಸುಜು ವಿ-ಕ್ರಾಸ್, ಟೊಯೋಟಾ ಹೈಲಕ್ಸ್‌ನಂತಹ ದೊಡ್ಡ ಪಿಕಪ್‌ಗಳು ಭಾರತದ ಮಾರುಕಟ್ಟೆಗೆ ಡೀಸೆಲ್ ಎಂಜಿನ್ನಿನೊಂದಿಗೆ ಬಂದಿವೆ. ಪೆಟ್ರೋಲಿನ ಮಾರುತಿ ಸೂಪರ್ ಕ್ಯಾರಿ, ಟಾಟಾ ಏಸ್‌ನಂತಹ ಸಣ್ಣ ಸರಕು ವಾಹನಗಳು ತಮ್ಮ ತೊಟ್ಟಿಯಲ್ಲಿ ಹೊರೆ ಹೊರಲು ರೂಪುಗೊಂಡವು. ಅವು ಕಾರವಾನ್ ಎಳೆಯಲು ತಕ್ಕವಲ್ಲ.

ಕೊಂಡಿಯ ಮೇಲೆ ಬೀಳುವ ಭಾರಕ್ಕೂ ಗಮನ ಕೊಡಬೇಕು. ಕಾರಿನಂತಹ ವಾಹನ ಎಳೆಯುವ ಟ್ರೇಲರಿನ ಒಟ್ಟು ತೂಕದ ಸುಮಾರು ಶೇಕಡಾ 10ರಿಂದ 15ರಷ್ಟು ಭಾರ ಕೊಂಡಿಯ ಮೇಲಿರಬೇಕೆಂಬುದು ಅಮೆರಿಕದಲ್ಲಿ ಪಾಲಿಸುವ ನಿಯಮ. ಇದಕ್ಕಿಂತ ಕಡಿಮೆಯಾದರೆ ಟ್ರೇಲರ್ ಎಡಬಲಕ್ಕೆ ಓಲಾಡತೊಡಗುತ್ತದೆ. ಹೆಚ್ಚಾದರೆ ಮುಂದಿನ ಚಕ್ರಗಳ ಮೇಲಿನ ಭಾರ ತಗ್ಗಿ, ಸ್ಟಿಯರಿಂಗ್ ಹಿಡಿತ ಸಡಿಲವಾಗುತ್ತದೆ. ಕೊಂಡಿಯ ಮೇಲಿನ ಭಾರವನ್ನೂ ವಾಹನ ಹೊತ್ತ ಹೊರೆಯ ಲೆಕ್ಕಕ್ಕೆ ಸೇರಿಸಬೇಕು.

ಇಂಧನ ಮತ್ತು ಖರ್ಚು

ಭಾರತದಲ್ಲಿ ಪೆಟ್ರೋಲ್ ಬೆಲೆಯ ಮೇಲಿನ ಸರ್ಕಾರಿ ನಿಯಂತ್ರಣ 2010ರಲ್ಲಿಯೂ, ಡೀಸೆಲ್ ಬೆಲೆಯ ಮೇಲಿನದು 2014ರಲ್ಲಿಯೂ ಕೊನೆಗೊಂಡವು. ಆ ಬಳಿಕ ಎರಡರ ಬೆಲೆಯ ಅಂತರ ಮೊದಲಿನಷ್ಟು ಉಳಿಯಲಿಲ್ಲ. 2020ರ ಏಪ್ರಿಲ್ 1ರಿಂದ ಜಾರಿಯಾದ ಬಿಎಸ್ 6 ಹೊಗೆ ನಿಯಮಗಳಿಂದ ಡೀಸೆಲ್ ವಾಹನಗಳಿಗೆ ಮಸಿ ಸೋಸುವ ಫಿಲ್ಟರ್, ಹಲವು ವಾಹನಗಳಿಗೆ ಯೂರಿಯಾ ದ್ರಾವಣದ ವ್ಯವಸ್ಥೆ ಅಗತ್ಯವಾಗಿ, ಅವುಗಳ ಬೆಲೆ ಏರಿತು. ಮಸಿ ಫಿಲ್ಟರ್ ಶುಚಿಯಾಗಲು ಎಂಜಿನ್ ಬಿಸಿಯಾಗಿ ಬಹಳ ಹೊತ್ತು ಓಡಬೇಕು. ಊರೊಳಗಿನ ಸಣ್ಣ ಓಡಾಟಗಳಲ್ಲಿ ಅದು ಕಟ್ಟಿಕೊಳ್ಳುವ ಸಂಭವ ಹೆಚ್ಚು.

ಖರ್ಚಿನ ಹೋಲಿಕೆಗೆ ಸರಳ ವಿಧಾನವಿದೆ. ಡೀಸೆಲ್ ವಾಹನದ ಬೆಲೆ 1.5 ಲಕ್ಷ ರೂಪಾಯಿ ಹೆಚ್ಚು, ಹೊರೆ ಎಳೆಯುವಾಗ ಅದು ಲೀಟರಿಗೆ 14, ಪೆಟ್ರೋಲ್ ವಾಹನ 10 ಕಿಲೋಮೀಟರ್ ಓಡುತ್ತದೆ, ಡೀಸೆಲ್ ಲೀಟರಿಗೆ 90, ಪೆಟ್ರೋಲ್ 103 ರೂಪಾಯಿ ಎಂದು ಭಾವಿಸಿದರೆ, 1,000 ಕಿಲೋಮೀಟರಿಗೆ ಡೀಸೆಲ್ ಖರ್ಚು ಸುಮಾರು 6,430, ಪೆಟ್ರೋಲ್ ಖರ್ಚು 10,300 ರೂಪಾಯಿ ಆಗುತ್ತದೆ. ಹೆಚ್ಚುವರಿ ಬೆಲೆ ಸುಮಾರು 39,000 ಕಿಲೋಮೀಟರಿನಲ್ಲಿ ವಾಪಸಾಗುತ್ತದೆ. ವರ್ಷಕ್ಕೆ 40,000 ಕಿಲೋಮೀಟರ್ ಓಡಿಸುವ ವ್ಯಾಪಾರಿಗೆ ಇದು ಒಂದು ವರ್ಷದ ಮಾತು. 5,000 ಕಿಲೋಮೀಟರ್ ಓಡಿಸುವ ಕುಟುಂಬಕ್ಕೆ ಸುಮಾರು ಎಂಟು ವರ್ಷಗಳ ಮಾತು.

ಪೆಟ್ರೋಲ್‌ಗೆ ಶೇಕಡಾ 20ರಷ್ಟು ಎಥನಾಲ್ ಬೆರೆಸುವ ಗುರಿಯನ್ನು ಭಾರತ ಸರ್ಕಾರ 2030ರಿಂದ 2025–26ಕ್ಕೆ ಹಿಂದೂಡಿತು. ಎಥನಾಲ್‌ನಲ್ಲಿ ಲೀಟರಿಗೆ ಸುಮಾರು 21 ಮೆಗಾಜೂಲ್ ಶಕ್ತಿ ಮಾತ್ರ ಇರುವುದರಿಂದ, ಇಂತಹ ಮಿಶ್ರಣದ ಶಕ್ತಿ ಶುದ್ಧ ಪೆಟ್ರೋಲ್‌ಗಿಂತ ಸುಮಾರು ಶೇಕಡಾ 7ರಷ್ಟು ಕಡಿಮೆ. ಎಥನಾಲ್‌ನ ಒಂದು ಮುಖ್ಯ ಮೂಲ ಕಬ್ಬು. ಹೀಗೆ ಡೀಸೆಲ್ ಟ್ರ್ಯಾಕ್ಟರುಗಳು ಸಾಗಿಸುವ ಕಬ್ಬಿನ ಒಂದಂಶ ಕೊನೆಗೆ ಪೆಟ್ರೋಲ್ ವಾಹನಗಳ ಇಂಧನವಾಗುತ್ತದೆ.

ಬ್ರೇಕು ಮತ್ತು ಸುರಕ್ಷತೆ

ಇಳಿಜಾರಿನಲ್ಲಿ ಎಂಜಿನ್ನಿನ ತಡೆಯನ್ನು ಬಳಸಿಕೊಂಡು ವೇಗವನ್ನು ಹತೋಟಿಯಲ್ಲಿಡುವುದು ಚಾಲಕರ ರೂಢಿ. ಡೀಸೆಲ್ ಎಂಜಿನ್ ಗಾಳಿಯನ್ನು ಹೆಚ್ಚು ಅದುಮುವುದರಿಂದ ಅದರ ತಡೆಯೂ ಹೆಚ್ಚು ಎಂಬ ಅಭಿಪ್ರಾಯ ವ್ಯಾಪಕವಾಗಿದ್ದರೂ ಅದು ಪೂರ್ತಿ ಸರಿಯಲ್ಲ. ಅದುಮಿದ ಗಾಳಿ ಮರುಕ್ಷಣವೇ ಪಿಸ್ಟನ್ನನ್ನು ಹಿಂದಕ್ಕೆ ತಳ್ಳಿ, ಪಡೆದ ಶಕ್ತಿಯನ್ನು ಬಹುಪಾಲು ಮರಳಿಸುತ್ತದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿಯ ಬಾಗಿಲು ಮುಚ್ಚಿ ನಿರ್ವಾತ ಉಂಟಾಗುವುದರಿಂದ ಸಹಜ ತಡೆ ದೊರೆಯುತ್ತದೆ. ಭಾರಿ ಡೀಸೆಲ್ ವಾಹನಗಳಲ್ಲಿ ಇದೇ ಕಾರಣಕ್ಕೆ ಎಕ್ಸಾಸ್ಟ್ ಬ್ರೇಕ್ ಎಂಬ ಪ್ರತ್ಯೇಕ ಸಾಧನವನ್ನು ಅಳವಡಿಸುತ್ತಾರೆ.

ಚಲಿಸುವ ವಾಹನದ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ವೇಗ ಇಮ್ಮಡಿಯಾದರೆ ಬ್ರೇಕುಗಳು ನಾಲ್ಕು ಪಟ್ಟು ಶಕ್ತಿಯನ್ನು ಹೀರಿಕೊಳ್ಳಬೇಕಾಗುತ್ತದೆ. ಟ್ರೇಲರಿಗೆ ತನ್ನದೇ ಬ್ರೇಕ್ ಇಲ್ಲದಿದ್ದರೆ ಇಡೀ ಹೊರೆಯನ್ನು ಎಳೆಯುವ ವಾಹನವೇ ತಡೆಯಬೇಕು. ಇಳಿಜಾರಿನಲ್ಲಿ ಅಥವಾ ತಿರುವಿನಲ್ಲಿ ಹಠಾತ್ತನೆ ಬ್ರೇಕ್ ಹಾಕಿದಾಗ ಹಿಂದಿನ ಟ್ರೇಲರ್ ಮುಂದಕ್ಕೆ ನೂಕಿ, ವಾಹನ ಕೊಂಡಿಯ ಬಳಿ ಮಡಚಿಕೊಳ್ಳಬಹುದು. ಇಳಿಜಾರಿನಲ್ಲಿ ಗೇರನ್ನು ನ್ಯೂಟ್ರಲ್‌ಗೆ ಹಾಕಿ ಇಂಧನ ಉಳಿಸಲು ಹೋಗುವುದು ಈ ಅಪಾಯವನ್ನು ಹೆಚ್ಚಿಸುತ್ತದೆ. ಟ್ರ್ಯಾಕ್ಟರಿನಲ್ಲಿ ಟ್ರೇಲರನ್ನು ನಿಗದಿತ ಜಾಗಕ್ಕಿಂತ ಎತ್ತರದಲ್ಲಿ ಕಟ್ಟಿದರೆ, ಏರು ಹತ್ತುವಾಗ ಮುಂದಿನ ಚಕ್ರಗಳು ಮೇಲೆದ್ದು ಟ್ರ್ಯಾಕ್ಟರ್ ಹಿಮ್ಮುಖವಾಗಿ ಮಗುಚಬಹುದು.

ಕಬ್ಬು ತುಂಬಿದ ಟ್ರೇಲರುಗಳ ವಿಷಯದಲ್ಲಿ ರಾತ್ರಿ ಸಂಚಾರ ಮತ್ತೊಂದು ಅಪಾಯ. ಹೊರಚಾಚಿದ ಕಬ್ಬು ಹಿಂದಿನ ದೀಪಗಳನ್ನೂ ಪ್ರತಿಫಲಕಗಳನ್ನೂ ಮರೆಮಾಡುತ್ತದೆ. ವೇಗವಾಗಿ ಬರುವ ಬೈಕು, ಕಾರುಗಳ ಸವಾರರಿಗೆ ನಿಧಾನವಾಗಿ ಸಾಗುವ ಅಥವಾ ಕೆಟ್ಟು ನಿಂತ ಟ್ರೇಲರ್ ಹತ್ತಿರ ಬರುವವರೆಗೂ ಕಾಣುವುದಿಲ್ಲ. ಗಂಟೆಗೆ 72 ಕಿಲೋಮೀಟರ್ ವೇಗದ ವಾಹನ ಸೆಕೆಂಡಿಗೆ 20 ಮೀಟರ್ ಕ್ರಮಿಸುತ್ತದೆ. ಹೊರೆಯ ಹಿಂಬದಿಗೆ, ಕಬ್ಬಿನ ಹೊರತುದಿಯಲ್ಲಿಯೇ ಕೆಂಪು ಪ್ರತಿಫಲಕ ಪಟ್ಟಿ ಕಟ್ಟುವುದು ಕಡಿಮೆ ಖರ್ಚಿನ, ಪರಿಣಾಮಕಾರಿಯಾದ ಮುನ್ನೆಚ್ಚರಿಕೆ.

ಕಾನೂನು

ಟ್ರ್ಯಾಕ್ಟರಿಗೆ ಟ್ರೇಲರ್ ಜೋಡಿಸಿ ಸರಕು ಸಾಗಿಸಿದಾಗ ಅದು ಸರಕು ಸಾಗಣೆ ವಾಹನವಾಗುತ್ತದೆ ಎಂದು ನಟವರ್ ಪಾರಿಖ್ ಮತ್ತು ಕರ್ನಾಟಕ ರಾಜ್ಯದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2005ರಲ್ಲಿ ತೀರ್ಪು ನೀಡಿತು. 7,500 ಕಿಲೋಗ್ರಾಂ ಮೀರದ ಲಘು ವಾಹನಗಳ ಚಾಲನಾ ಪರವಾನಗಿ ಇರುವವರು ಅದೇ ತೂಕದ ವರ್ಗದ ಸಾಗಣೆ ವಾಹನಗಳನ್ನೂ ಓಡಿಸಬಹುದೆಂದು 2017ರಲ್ಲಿ ನೀಡಿದ್ದ ತೀರ್ಪನ್ನು ನ್ಯಾಯಾಲಯದ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಎತ್ತಿಹಿಡಿಯಿತು. ಸರಕಿನ ಟ್ರೇಲರಿನಲ್ಲಿ ಜಾತ್ರೆ, ಮದುವೆಗಳಿಗೆ ಜನರನ್ನು ಕರೆದೊಯ್ಯುವ ಪದ್ಧತಿ ಹಳ್ಳಿಗಳಲ್ಲಿದೆ. ಇಂತಹ ಪ್ರಯಾಣದಲ್ಲಿ ಅಪಘಾತವಾದರೆ ಗಾಯಾಳುಗಳಿಗೂ ಮೃತರ ಕುಟುಂಬಗಳಿಗೂ ವಿಮಾ ಪರಿಹಾರ ದೊರೆಯುವುದು ತೊಡಕಿನ ವಿಷಯವಾಗುತ್ತದೆ.